ವಂಶವೃಕ್ಷದ ಬ್ಯಾಕಪ್ ಓಪನ್ ಆಗ್ತಿಲ್ವಾ? ರಿಪೇರಿಗೆ ಕೈ ಹಾಕೋ ಮುಂಚೆ ಇದನ್ನ ಓದಿ

ಮನೆ ಕಂಪ್ಯೂಟರ್‌ನಲ್ಲಿ ವಂಶವೃಕ್ಷ ಮಾಡ್ಕೊಂಡು ಕೂತಿರೋರಿಗೆಲ್ಲ ಒಂದಲ್ಲ ಒಂದಿನ ಈ ಗ್ರಹಚಾರ ವಕ್ಕರಿಸತ್ತೆ. ಮನೆತನದ ವಂಶಾವಳಿ ಹೇಳೋ ಹೆಳವರು ಊರಿಗೆ ಬಂದಾಗ ಜಗಲಿ ಮೇಲೆ ಕೂರಿಸ್ಕೊಂಡು ಕೇಳಿ ಬರ್ಕೊಂಡಿದ್ದು, ಅಜ್ಜಿ ಎಲೆಅಡಿಕೆ ಹಾಕ್ಕೊಂಡು ಹೇಳಿದ್ದು, ಹಳೇ ಪಹಣಿ, ಕ್ರಯಪತ್ರ, ಲಗ್ನಪತ್ರಿಕೆ ಸ್ಕ್ಯಾನು ಎಲ್ಲಾ ಸೇರ್ಸಿ ಐದಾರು ವರ್ಷ ಕಟ್ಟಿದ ಮರ, ಒಂದು ಬೆಳಿಗ್ಗೆ ಓಪನ್ ಮಾಡಿದ್ರೆ ಖಾಲಿ, ಇಲ್ಲಾ ಎರರ್ರು, ಇಲ್ಲಾ ಎಲ್ಲರ ಹೆಸರೂ ಪ್ರಶ್ನಾರ್ಥಕ ಚಿಹ್ನೆ. ಎದೆ ಧಸಕ್ ಅನ್ನತ್ತೆ, ಸಿಕ್ಕಿದ ಬಟನ್ ಎಲ್ಲಾ ಒತ್ತೋಕೆ ಶುರು ಮಾಡ್ತೀವಿ. ನಾನು ನೋಡಿರೋ ಮಟ್ಟಿಗೆ ಡೇಟಾ ತಾನಾಗೇ ಹೋಗೋದು ಕಮ್ಮಿ, ಆ ಮೊದಲ ಅರ್ಧ ಗಂಟೆ ಗಾಬರೀಲಿ ನಾವು ಮಾಡೋ ರಿಪೇರಿಯಿಂದ ಹೋಗೋದೇ ಜಾಸ್ತಿ.

ನನ್ನ ಕಥೇನೇ ಹೇಳ್ಬಿಡ್ತೀನಿ. ಲ್ಯಾಪ್‌ಟಾಪ್ ತೆವಳ್ತಿತ್ತು ಅಂತ ವಿಂಡೋಸ್ ಹೊಸದಾಗಿ ಹಾಕಿಸ್ದೆ, ಹಾಕ್ಸೋ ಮುಂಚೆ ಡಾಕ್ಯುಮೆಂಟ್ಸ್ ಫೋಲ್ಡರ್ ಪೂರ್ತಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿದ್ದೆ, ಮೂರು ವರ್ಷದಿಂದ ಹಂಗೇ ಮಾಡ್ತಿದ್ದೆ, ನಾನು ಭಾರಿ ಜಾಣ ಅಂದ್ಕೊಂಡಿದ್ದೆ. ವಾಪಸ್ ಹಾಕಿ ನೋಡಿದ್ರೆ ಸ್ಕ್ಯಾನ್ ಮಾಡಿದ ಫೋಟೋ ಅಷ್ಟೂ ಇದೆ, ಮರ ಮಾತ್ರ ಇಲ್ಲ. ಯಾಕಂದ್ರೆ ಮರ ಡಾಕ್ಯುಮೆಂಟ್ಸ್ ಒಳಗೆ ಇರ್ಲೇ ಇಲ್ಲ, ಯಾವತ್ತೂ ಇರ್ಲಿಲ್ಲ. ಗಾಬರಿಯಾಗಿ ನೆನಪಿದ್ದ 140 ಜನರನ್ನ ರಾತ್ರೋರಾತ್ರಿ ಮತ್ತೆ ಟೈಪ್ ಮಾಡ್ದೆ. ಆಮೇಲೆ 7 ತಿಂಗಳ ಹಿಂದೆ ಕಸಿನ್‌ಗೆ ಮೇಲ್ ಮಾಡಿದ್ದ ಒಂದು ಬ್ಯಾಕಪ್ ಫೈಲ್ ಸಿಕ್ತು, 1,386 ಜನ ಇದ್ದ ಫೈಲು, ಖುಷೀಲಿ ಅದನ್ನ ಅದೇ ಮರದ ಮೇಲೇ ಇಂಪೋರ್ಟ್ ಮಾಡ್ದೆ, ಸ್ಕ್ರೀನ್ ಸ್ವಲ್ಪ ಹೊತ್ತು ಅಲ್ಲಾಡ್ಲಿಲ್ಲ, ಆಗ್ಲಿಲ್ವೇನೋ ಅಂತ ಇನ್ನೊಂದ್ಸಲ ಮಾಡ್ದೆ. ಈಗ ಮರದಲ್ಲಿ 2,912 ಜನ. ಒಬ್ಬೊಬ್ಬ ಮುತ್ತಜ್ಜ ಮೂರ್ಮೂರು ಸಲ ಹುಟ್ಟಿದಾನೆ, ಮೂರ್ಮೂರು ಸಲ ಸತ್ತಿದಾನೆ.

ನಾನು ಬಳಸೋದು ಗ್ರ್ಯಾಂಪ್ಸ್ ಸಾಫ್ಟ್‌ವೇರ್, ಫ್ರೀ, ಓಪನ್ ಸೋರ್ಸ್, ವಿಂಡೋಸ್ ಲಿನಕ್ಸ್ ಮ್ಯಾಕ್ ಮೂರರಲ್ಲೂ ಓಡತ್ತೆ, ಅದಕ್ಕೆ ಕೆಳಗಿರೋ ಮೆನು ಹೆಸರೆಲ್ಲ ಅದರದ್ದೇ. ನೀವು ಬೇರೆ ಬಳಸ್ತಿದ್ರೂ ದೋಷ ಹುಡುಕೋ ದಾರಿ ಹೆಚ್ಚುಕಮ್ಮಿ ಇದೇ.

ಮೊದಲು ಕೈ ಕಟ್ಕೊಂಡು ಕೂತ್ಕೊಳ್ಳಿ

ಕೆಟ್ಟಿದೆ ಅನ್ಸಿದ ಫೈಲ್ ಅಥವಾ ಫೋಲ್ಡರನ್ನ ಹೇಗಿದ್ಯೋ ಹಾಗೇ ಬೇರೆ ಕಡೆ ಒಂದು ಕಾಪಿ ಮಾಡಿ, ಅದಕ್ಕೆ ಕೆಟ್ಟಿದ್ದು ಅಂತ್ಲೇ ಹೆಸರಿಡಿ, ಮುಂದಿನ ಪ್ರಯೋಗ ಎಲ್ಲ ಕಾಪಿ ಮೇಲೆ. ಕ್ಲೌಡ್ ಸಿಂಕ್ ಓಡ್ತಿದ್ರೆ ಪಾಸ್ ಮಾಡಿ, ಇಲ್ಲಾಂದ್ರೆ ಇಲ್ಲಿ ಖಾಲಿಯಾಗಿದ್ದು ಅಲ್ಲೂ ಖಾಲಿಯಾಗತ್ತೆ. ನಿಮ್ಮತ್ರ ಒಂದೇ ಒಂದು ಒಳ್ಳೇ ಬ್ಯಾಕಪ್ ಡ್ರೈವ್ ಇದ್ರೆ ಅದನ್ನ ತಂದು ಈ ತೊಂದರೆ ಇರೋ ಮಿಷಿನ್‌ಗೇ ಚುಚ್ಚಬೇಡಿ, ವೈರಸ್ಸೋ ಏನೋ ಗೊತ್ತಾಗೋ ತನಕ ತಡ್ಕೊಳ್ಳಿ. ಫೈಲ್ ಡಿಲೀಟ್ ಆಗಿದೆ, ರೀಸೈಕಲ್ ಬಿನ್‌ನಲ್ಲೂ ಇಲ್ಲ ಅಂದ್ರೆ ಆ ಕಂಪ್ಯೂಟರ್‌ನಲ್ಲಿ ಬೇರೆ ಕೆಲ್ಸ ನಿಲ್ಸಿ, ಅದರಲ್ಲೂ ಎಸ್‌ಎಸ್‌ಡಿ ಆದ್ರೆ ಟ್ರಿಮ್ ಅನ್ನೋದು ಖಾಲಿ ಜಾಗನ ತಾನೇ ಗುಡಿಸಿ ಹಾಕತ್ತೆ, ರಿಕವರಿ ಸಾಫ್ಟ್‌ವೇರ್‌ಗೆ ಏನೂ ಉಳಿಯಲ್ಲ. ಹಳೇ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದ್ರೆ ಡಿಸ್ಕ್ ತಪ್ಪು ತಿದ್ದೋ ವಿಂಡೋಸ್‌ನ ಚೆಕ್ ಡಿಸ್ಕ್ ಓಡಿಸೋ ಶೌರ್ಯ ಬೇಡ, ಮೊದಲು ಬೇಕಾದ ಫೈಲ್ ಕಾಪಿ ಮಾಡ್ಕೊಂಡು ಆಚೆ ಬನ್ನಿ.

ಇಷ್ಟಾದ್ಮೇಲೆ ಕೇಳ್ಕೋಬೇಕಾಗಿರೋದು ಒಂದೇ, ತೊಂದರೆ ಯಾವ ಪದರದಲ್ಲಿದೆ? ಫೈಲೇ ಇಲ್ವಾ, ಫೈಲ್ ಇದ್ದು ತೆರೆಯಲ್ವಾ, ತೆರೆದು ಫೋಟೋ ಇಲ್ವಾ, ಫೋಟೋ ಇದ್ದು ಅಕ್ಷರ ಕೆಟ್ಟಿದ್ಯಾ, ಎಲ್ಲಾ ಇದ್ದು ಜನ ಡಬಲ್ ಆಗಿದಾರಾ. ಇವು ಐದೂ ಬೇರೆ ಬೇರೆ ಕಾಯಿಲೆ. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ವಿಷ.

ಲಿಸ್ಟ್‌ನಲ್ಲಿ ಮರಾನೇ ಇಲ್ಲ

ಗ್ರ್ಯಾಂಪ್ಸ್ ತನ್ನ ಡೇಟಾಬೇಸನ್ನ ಡಾಕ್ಯುಮೆಂಟ್ಸ್‌ನಲ್ಲಿ ಇಡಲ್ಲ. ವಿಂಡೋಸ್‌ನಲ್ಲಿ ನಿಮ್ಮ ಯೂಸರ್ ಫೋಲ್ಡರ್ ಒಳಗಡೆ ಆಪ್‌ಡೇಟಾ ಅಂತ ಒಂದು ಅಡಗಿರೋ ಫೋಲ್ಡರ್ ಇದೆ, ಅದರೊಳಗೆ ರೋಮಿಂಗ್ ಇಲ್ಲಾ ಲೋಕಲ್ ಅನ್ನೋದರಲ್ಲಿ ಗ್ರ್ಯಾಂಪ್ಸ್ ಅಂತ, ಅದರೊಳಗೆ ಗ್ರ್ಯಾಂಪ್ಸ್‌ಡಿಬಿ ಅಂತ. ಲಿನಕ್ಸ್‌ನಲ್ಲಿ 5.1ನೇ ಆವೃತ್ತಿ ತನಕ ಹೋಮ್ ಫೋಲ್ಡರ್‌ನಲ್ಲೇ ಚುಕ್ಕಿಯಿಂದ ಶುರುವಾಗೋ ಹೆಸರಿನ ಅಡಗಿರೋ ಫೋಲ್ಡರ್, 5.2ರಿಂದ ಜಾಗ ಬದಲಾಯ್ತು, ಅಪ್‌ಡೇಟ್ ಆದ್ಮೇಲೆ ಮರ ಕಾಣ್ತಿಲ್ಲ ಅನ್ನೋರು ಮೊದಲು ಹಳೇ ಜಾಗದಲ್ಲಿ ಹುಡುಕಿ. ಗ್ರ್ಯಾಂಪ್ಸ್‌ಡಿಬಿ ಒಳಗಡೆ ಹೋದ್ರೆ ನಿಮ್ಮ ಮನೆತನದ ಹೆಸರು ಕಾಣಲ್ಲ, ಅಂಕಿ ಅಕ್ಷರ ಕಲಸಿದ ಅರ್ಥವಿಲ್ಲದ ಹೆಸರಿನ ಫೋಲ್ಡರ್‌ಗಳಿರತ್ತೆ, ಅದನ್ನ ನೋಡಿ ಎಷ್ಟೋ ಜನ ಏನೋ ಕಸ ಅಂತ ಡಿಲೀಟ್ ಮಾಡಿದಾರೆ. ಒಂದೊಂದು ಫೋಲ್ಡರ್ ಒಂದೊಂದು ಮರ. ಒಳಗೆ ನೇಮ್ ಅನ್ನೋ ಟೆಕ್ಸ್ಟ್ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆರೆದ್ರೆ ಯಾವ ಮರ ಅಂತ ಹೆಸರು ಬರ್ದಿರತ್ತೆ.

ಹಾಗಾಗಿ ಡಾಕ್ಯುಮೆಂಟ್ಸ್ ಮಾತ್ರ ಬ್ಯಾಕಪ್ ತಗೊಳ್ಳೋರು, ಡಿ ಡ್ರೈವ್ ಸೇಫಾಗಿದೆ ಬಿಡಿ ಅನ್ನೋರು, ಈಗಲೇ ಹೋಗಿ ನೋಡಿ, ನಿಮ್ಮ ಬ್ಯಾಕಪ್‌ನಲ್ಲಿ ನಿಜವಾಗ್ಲೂ ಮರ ಇದ್ಯಾ ಅಂತ. ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಮೆನುಗೆ ಹೋಗಿ ಹಿಡನ್ ಐಟಮ್ಸ್ ಟಿಕ್ ಮಾಡಿದ್ರೇನೇ ಆಪ್‌ಡೇಟಾ ಕಾಣೋದು.

ಸಿ ಡ್ರೈವ್ ಫಾರ್ಮ್ಯಾಟ್ ಆಗೋಗಿದೆ, ಆಪ್‌ಡೇಟಾ ಹೋಯ್ತು ಅಂದ್ರೆ ಹುಡುಕೋ ಜಾಗ ಇನ್ನೂ ಇದೆ. ಮೇಲ್‌ನ ಸೆಂಟ್ ಬಾಕ್ಸ್, ವಾಟ್ಸಾಪ್‌ನಲ್ಲಿ ನೆಂಟರಿಗೆ ಕಳಿಸಿದ ಡಾಕ್ಯುಮೆಂಟ್, ಹಳೇ ಪೆನ್ ಡ್ರೈವ್, ಗೂಗಲ್ ಡ್ರೈವ್ ಟ್ರ್ಯಾಶ್ (ಅಲ್ಲಿ 30 ದಿನ ಇರತ್ತೆ, ಆಮೇಲೆ ತಾನೇ ಹೋಗತ್ತೆ, ಹಾಗಾಗಿ ಇದನ್ನ ಮೊದಲು ನೋಡಿ). ಹುಡುಕಬೇಕಾಗಿರೋ ಫೈಲ್ ಮೂರು ಥರ, ಕೊನೇಲಿ ಡಾಟ್ ಗ್ರ್ಯಾಂಪ್ಸ್ ಅಂತಿರೋದು, ಡಾಟ್ ಜಿಪಿಕೆಜಿ ಅಂತಿರೋದು, ಡಾಟ್ ಜಿಇಡಿ ಅಂತಿರೋದು. ಮೊದಲನೇದರಲ್ಲಿ ಮಾಹಿತಿ ಮಾತ್ರ, ಎರಡನೇದರಲ್ಲಿ ಮಾಹಿತಿ ಜೊತೆ ಫೋಟೋನೂ, ಮೂರನೇದು ಜೆಡ್‌ಕಾಮ್, ಅಂದ್ರೆ ಬೇರೆ ಬೇರೆ ವಂಶವೃಕ್ಷ ಸಾಫ್ಟ್‌ವೇರ್‌ಗಳ ಮಧ್ಯೆ ಮಾಹಿತಿ ಸಾಗಿಸೋ ಫೈಲು, ಅದರ ಬಗ್ಗೆ ಕೆಳಗೆ ಹೇಳ್ತೀನಿ.

ಬೀಗದ ಗುರುತು ಬಂದಿದೆ

ಇದು ಸಣ್ಣ ವಿಷಯ. ಕೆಲ್ಸ ಮಾಡ್ತಿರುವಾಗ ಕರೆಂಟ್ ಹೋಯ್ತು, ಯುಪಿಎಸ್ ಇಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷ ಆಗಿದೆ, ಸಿಸ್ಟಮ್ ಆಫ್. ವಾಪಸ್ ಆನ್ ಮಾಡಿದ್ರೆ ಮರದ ಪಕ್ಕ ಬೀಗ, ಬೇರೆ ಯಾರೋ ಇದನ್ನ ಎಡಿಟ್ ಮಾಡ್ತಿದಾರೆ ಅಂತ ಮೆಸೇಜು. ಯಾರೂ ಇಲ್ಲ, ಅದು ನೀವೇ, ಕರೆಂಟ್ ಹೋದಾಗ ಗ್ರ್ಯಾಂಪ್ಸ್‌ಗೆ ಬಾಗಿಲು ಮುಚ್ಚಿ ಹೋಗೋಕೆ ಟೈಮ್ ಸಿಗಲಿಲ್ಲ ಅಷ್ಟೇ. ಆದ್ರೆ ಬೀಗ ಒಡೆಯೋ ಮುಂಚೆ ಇನ್ನೊಂದು ವಿಂಡೋದಲ್ಲಿ ನಿಜವಾಗ್ಲೂ ಅದು ಓಪನ್ ಇಲ್ವಾ ನೋಡ್ಕೊಳ್ಳಿ, ಡೇಟಾಬೇಸ್ ಫೋಲ್ಡರನ್ನ ಮನೇಲಿ ಎರಡು ಕಂಪ್ಯೂಟರ್ ಮಧ್ಯೆ ಹಂಚ್ಕೊಂಡಿದ್ರೆ ಇನ್ನೊಂದರಲ್ಲೂ ನೋಡಿ. ಎಲ್ಲೂ ಇಲ್ಲ ಅಂದ್ರೆ ಫೋಲ್ಡರ್ ಕಾಪಿ ತಗೊಂಡು, ಬೀಗ ಮುರೀಬೇಕಾ ಅಂತ ಕೇಳಿದಾಗ ಹೂಂ ಅನ್ನಿ. ತೆರೆದ ತಕ್ಷಣ ಟೂಲ್ಸ್ ಮೆನುವಿನಲ್ಲಿ ಚೆಕ್ ಅಂಡ್ ರಿಪೇರ್ ಓಡ್ಸಿ, ಅದು ತಂದೆ ಇಲ್ಲದ ಮಗು, ಕೊಂಡಿ ಕಳಚಿದ ಕುಟುಂಬ ಇಂಥದ್ದನ್ನೆಲ್ಲ ಹುಡುಕಿ ಸರಿ ಮಾಡತ್ತೆ, ಏನು ಮಾಡಿದೆ ಅಂತ ರಿಪೋರ್ಟ್ ಕೂಡ ಕೊಡತ್ತೆ, ಆ ರಿಪೋರ್ಟ್ ಓದಿ, ಓಕೆ ಒತ್ತಿ ಮುಚ್ಚಬೇಡಿ.

ಇಲ್ಲೇ ಒಂದು ಮಾತು. ಓಡ್ತಿರೋ ಡೇಟಾಬೇಸ್ ಫೋಲ್ಡರನ್ನೇ ಸಿಂಕ್ ಆಗೋ ಕ್ಲೌಡ್ ಫೋಲ್ಡರ್ ಒಳಗೆ ಇಡಬೇಡಿ. ಗ್ರ್ಯಾಂಪ್ಸ್ ಬರೀತಾ ಇರುವಾಗ್ಲೇ ಸಿಂಕ್ ಆಪ್ ಅರ್ಧ ಫೈಲ್ ಎತ್ಕೊಂಡು ಹೋಗಬಹುದು, ಇನ್ನೊಂದು ಕಂಪ್ಯೂಟರ್‌ಗೆ ಅರ್ಧ ಹೊಸದು ಅರ್ಧ ಹಳೇದು ಬಂದು ಕೂರತ್ತೆ. ಕ್ಲೌಡ್‌ಗೆ ಹೋಗಬೇಕಾಗಿರೋದು ಮುಚ್ಚಿದ ಬ್ಯಾಕಪ್ ಫೈಲ್ ಮಾತ್ರ.

ಫೈಲ್ ಇದೆ, ಆದ್ರೆ ತೆರೆಯಲ್ಲ

ಮೊದಲು ಸೈಜ್ ನೋಡಿ. ಸೊನ್ನೆ ಕೆಬಿ ಅಂದ್ರೆ ಆ ಕಾಪಿ ಸತ್ತಂತೆ, ಬೇರೆ ಹುಡುಕಿ. ಹಳೇ ಬ್ಯಾಕಪ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗ್ತಾ ಬಂದು ಒಂದು ಮಾತ್ರ ಇದ್ದಕ್ಕಿದ್ದಂಗೆ ಸಣ್ಣಗಿದ್ರೆ ಅದರ ಮೇಲೆ ಅನುಮಾನ ಪಡಿ, ಜನ ಸಾಯ್ತಾರೆ ನಿಜ, ಆದ್ರೆ ವಂಶವೃಕ್ಷದಿಂದ ಯಾರೂ ಕಮ್ಮಿ ಆಗಲ್ಲ.

ಸೈಜ್ ಸರಿ ಇದೆ ಅನ್ಸಿದ್ರೂ ಪ್ರಾಪರ್ಟೀಸ್‌ನಲ್ಲಿ ಸೈಜ್ ಅನ್ನೋದರ ಕೆಳಗೆ ಸೈಜ್ ಆನ್ ಡಿಸ್ಕ್ ಅಂತ ಇನ್ನೊಂದು ಸಾಲಿದೆ, ಅದು ಸೊನ್ನೆ ಇದ್ರೆ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಕ್ಲೌಡ್‌ನಲ್ಲಿದೆ, ಇಲ್ಲಿರೋದು ಬರೀ ಬೋರ್ಡು. ಒನ್‌ಡ್ರೈವ್‌ನಲ್ಲಿ ಇಂಥ ಫೈಲ್ ಪಕ್ಕ ನೀಲಿ ಮೋಡದ ಗುರುತು ಇರತ್ತೆ, ಹಸಿರು ಟಿಕ್ ಇದ್ರೆ ಇಲ್ಲೇ ಇದೆ ಅಂತ. ನೆಟ್ ಇಲ್ಲದ ಊರಲ್ಲಿ ಕೂತು ತೆರೆಯೋಕೆ ಹೋದ್ರೆ ಎರರ್ ಬರೋದು ಸಹಜ. ನೆಟ್ ಇರೋ ಕಡೆ ಹೋಗಿ ರೈಟ್ ಕ್ಲಿಕ್ ಮಾಡಿ ಯಾವಾಗ್ಲೂ ಈ ಡಿವೈಸ್‌ನಲ್ಲೇ ಇಟ್ಕೋ ಅನ್ನೋ ಆಯ್ಕೆ ಒತ್ತಿ, ಪೂರ್ತಿ ಇಳಿದ ಮೇಲೆ ಪ್ರಯತ್ನ ಮಾಡಿ.

ಇನ್ನು ಒಳಗಡೆ ಹಾಳಾಗಿದ್ಯಾ ಅಂತ ನೋಡೋದು ಬಹಳ ಸುಲಭ, ಆದ್ರೂ ಮಾಡೋರು ಕಮ್ಮಿ. ಡಾಟ್ ಗ್ರ್ಯಾಂಪ್ಸ್ ಫೈಲ್ ಅಂದ್ರೆ ಬೇರೇನಲ್ಲ, ಜಿಜಿಪ್ ಮಾಡಿ ಅಮುಕಿದ ಎಕ್ಸ್‌ಎಂಎಲ್, ಅಂದ್ರೆ ಓದಕ್ಕೆ ಬರೋ ಟೆಕ್ಸ್ಟು. ಸೆವೆನ್‌ಜಿಪ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಲ್ಲಿ ಅದರ ಮೇಲೆ ಟೆಸ್ಟ್ ಆರ್ಕೈವ್ ಕೊಡಿ. ಎರರ್ ಇಲ್ಲ ಅಂದ್ರೆ ಫೈಲ್ ಗಟ್ಟಿಮುಟ್ಟಾಗಿದೆ, ತೊಂದರೆ ಸಾಫ್ಟ್‌ವೇರ್ ಕಡೆ. ಸಾಮಾನ್ಯವಾಗಿ ಆವೃತ್ತಿ ವ್ಯತ್ಯಾಸ, ಹೊಸ ಗ್ರ್ಯಾಂಪ್ಸ್‌ನಲ್ಲಿ ಮಾಡಿದ ಫೈಲು ಹಳೇದರಲ್ಲಿ ತೆರೆಯಲ್ಲ, ಹೊಸದು ಹಾಕ್ಕೊಂಡ್ರೆ ಆಯ್ತು. (ಇದಕ್ಕೇ ಆವೃತ್ತಿ ಬದಲಾಯಿಸೋ ಮುಂಚೆ ಹಳೇದರಲ್ಲಿ ಒಂದು ಬ್ಯಾಕಪ್ ಮಾಡ್ಲೇಬೇಕು, ಹೊಸದು ಡೇಟಾಬೇಸನ್ನ ಒಮ್ಮೆ ಅಪ್‌ಗ್ರೇಡ್ ಮಾಡ್ತು ಅಂದ್ರೆ ಹಳೇ ಗ್ರ್ಯಾಂಪ್ಸ್ ಅದನ್ನ ಮುಟ್ಟಲ್ಲ.)

ಅನಿರೀಕ್ಷಿತವಾಗಿ ಫೈಲ್ ಮುಗೀತು ಅನ್ನೋ ಥರ ಎರರ್ ಬಂದ್ರೆ ಕಾಪಿ ಅರ್ಧಕ್ಕೇ ನಿಂತಿದೆ, ಪೆನ್ ಡ್ರೈವನ್ನ ಎಜೆಕ್ಟ್ ಮಾಡದೇ ಎಳ್ಕೊಂಡಿರ್ತೀರಿ. ಆಗ್ಲೂ ಎಲ್ಲಾ ಹೋಗಿಲ್ಲ. ಸೆವೆನ್‌ಜಿಪ್‌ನಿಂದ ಎಕ್ಸ್‌ಟ್ರ್ಯಾಕ್ಟ್ ಮಾಡಿದ್ರೆ ಎಲ್ಲೀ ತನಕ ಓದಕ್ಕಾಯ್ತೋ ಅಲ್ಲೀ ತನಕದ ಟೆಕ್ಸ್ಟ್ ಸಿಗತ್ತೆ. ಆ ಎಕ್ಸ್‌ಎಂಎಲ್‌ನಲ್ಲಿ ಘಟನೆಗಳು, ಜನ, ಕುಟುಂಬಗಳು ಮೊದಲಿಗೆ ಬರತ್ತೆ, ಆಮೇಲೆ ಆಧಾರ, ಜಾಗ, ಫೋಟೋ ವಿವರ, ನೋಟ್ಸ್ ಕೊನೆ ಹತ್ರ. ಅಂದ್ರೆ ಬಾಲ ಕತ್ತರಿಸಿದ ಫೈಲಿನಲ್ಲಿ ಮೊದಲು ಹೋಗೋದು ನೋಟ್ಸು, ಮರದ ಅಸ್ಥಿಪಂಜರ ಉಳ್ಕೊಂಡಿರೋ ಸಾಧ್ಯತೆ ಚೆನ್ನಾಗಿರತ್ತೆ. ಆ ಅರ್ಧ ಫೈಲು ನೇರ ಇಂಪೋರ್ಟ್ ಆಗಲ್ಲ, ತುಂಡಾದ ಕೊನೇ ದಾಖಲೆ ತೆಗೆದು, ತೆರೆದೇ ಉಳಿದ ಟ್ಯಾಗ್‌ಗಳನ್ನ ಕೈಯಲ್ಲೇ ಮುಚ್ಚಬೇಕು, ಎಕ್ಸ್‌ಎಂಎಲ್ ಗೊತ್ತಿರೋ ಹುಡುಗ್ರು ಮನೇಲಿದ್ರೆ ಅವರಿಗೆ ಒಂದು ಸಂಜೆ ಕಾಫಿ ಕೊಟ್ಟು ಕೂರಿಸಿ.

ಜೆಡ್‌ಕಾಮ್ ಫೈಲ್ ಆದ್ರೆ ಇನ್ನೂ ಸುಲಭ, ನೋಟ್‌ಪ್ಯಾಡ್‌ನಲ್ಲಿ ತೆರೆದು ಕೊನೇ ಸಾಲಿಗೆ ಹೋಗಿ. ಸೊನ್ನೆ, ಪಕ್ಕದಲ್ಲಿ ಟಿಆರ್‌ಎಲ್‌ಆರ್ ಅನ್ನೋ ನಾಕಕ್ಷರ ಇರಬೇಕು. ಇಲ್ಲ ಅಂದ್ರೆ ಫೈಲ್ ಪೂರ್ತಿ ಇಲ್ಲ ಅಂತ್ಲೇ ಲೆಕ್ಕ.

ಇನ್ನೊಂದು ದೋಷ ಪೆನ್ ಡ್ರೈವ್‌ದು. ಫೋಟೋ ಸೇರ್ಸಿದ ಜಿಪಿಕೆಜಿ ದೊಡ್ಡದಾಗತ್ತೆ, ನಂದು 6 ಜಿಬಿ ದಾಟಿದೆ. ಪೆನ್ ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ರೂ ಫೈಲ್ ತುಂಬಾ ದೊಡ್ಡದು ಅನ್ನತ್ತೆ. ಕೆಟ್ಟಿರೋದು ಏನೂ ಇಲ್ಲ, ಆ ಡ್ರೈವ್ ಫ್ಯಾಟ್32 ನಲ್ಲಿ ಫಾರ್ಮ್ಯಾಟ್ ಆಗಿದೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟೋ ಹಾಗಿಲ್ಲ. ಒಳಗಿರೋದನ್ನ ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಜನ ಇದಾರೆ, ಫೋಟೋ ಇಲ್ಲ

ಇದು ತುಂಬಾ ಸಾಮಾನ್ಯ, ಮತ್ತೆ ಇದರಲ್ಲಿ ಹೆಚ್ಚಿನ ಸಲ ಏನೂ ಕಳೆದಿರಲ್ಲ. ಗ್ರ್ಯಾಂಪ್ಸ್ ಫೋಟೋನ ತನ್ನೊಳಗೆ ಇಟ್ಕೊಳಲ್ಲ, ಫೋಟೋ ಇಂಥಾ ಫೋಲ್ಡರ್‌ನಲ್ಲಿದೆ ಅಂತ ವಿಳಾಸ ಬರ್ಕೊಂಡಿರತ್ತೆ. ಮನೆ ಬದಲಾಯಿಸಿ ವಿಳಾಸ ಹೇಳದೇ ಹೋದ್ರೆ ಪೋಸ್ಟ್‌ಮ್ಯಾನ್ ಏನ್ ಮಾಡ್ತಾನೆ. ಮೊನ್ನೆ ಇ ಡ್ರೈವ್ ಅಂತಿದ್ದ ಪೆನ್ ಡ್ರೈವ್ ಇವತ್ತು ಎಫ್ ಆಗಿರತ್ತೆ. ಹೊಸ ವಿಂಡೋಸ್‌ನಲ್ಲಿ ಯೂಸರ್ ಹೆಸರು ಬೇರೆ ಕೊಟ್ಟಿರ್ತೀರಿ. ಅಥವಾ ಒನ್‌ಡ್ರೈವ್ ಬ್ಯಾಕಪ್ ಆನ್ ಮಾಡ್ತೀರಿ, ಅದು ಡಾಕ್ಯುಮೆಂಟ್ಸ್ ಫೋಲ್ಡರನ್ನ ತನ್ನ ಫೋಲ್ಡರ್ ಒಳಕ್ಕೆ ಸರಿಸತ್ತೆ, ನಿಮ್ಮ ಕಣ್ಣಿಗೆ ಎಲ್ಲಾ ಹಾಗೇ ಇದೆ, ದಾರಿ ಮಾತ್ರ ಬೇರೆ.

ಒಂದೊಂದೇ ಫೋಟೋ ಮತ್ತೆ ಸೇರ್ಸಕ್ಕೆ ಹೋಗಬೇಡಿ ದಯವಿಟ್ಟು, ಅದೇ ಗಾಬರಿ ರಿಪೇರಿ. ಒಂದು ಫೋಟೋ ಎಡಿಟ್‌ಗೆ ಹೋಗಿ ಅದರ ಹಳೇ ದಾರಿ ಏನಿತ್ತು ನೋಡಿ, ಈಗ ಫೈಲ್ ಎಲ್ಲಿದೆ ನೋಡಿ, ಎರಡಕ್ಕೂ ಏನು ವ್ಯತ್ಯಾಸ ಅಂತ ಪೇಪರ್ ಮೇಲೆ ಬರ್ಕೊಳ್ಳಿ. ಆಮೇಲೆ ಮೀಡಿಯಾ ಮ್ಯಾನೇಜರ್ ಅನ್ನೋ ಟೂಲ್‌ನಲ್ಲಿ ದಾರಿಯ ಆ ತುಂಡನ್ನ ಬದಲಾಯಿಸು ಅಂತ ಹೇಳಿದ್ರೆ 900 ಫೋಟೋ ಒಂದೇ ಏಟಿಗೆ ಸರಿಹೋಗತ್ತೆ. ಅದೇ ಟೂಲ್‌ನಲ್ಲಿ ಪೂರ್ತಿ ದಾರಿನ ರಿಲೇಟಿವ್ (ಅಂದ್ರೆ ಮೂಲ ಫೋಲ್ಡರ್‌ನಿಂದ ಮುಂದಿನದ್ದಷ್ಟೇ) ದಾರಿ ಮಾಡೋ ಆಯ್ಕೆನೂ ಇದೆ, ಪ್ರಿಫರೆನ್ಸಸ್‌ನಲ್ಲಿ ಮೀಡಿಯಾದ ಮೂಲ ಫೋಲ್ಡರ್ ಯಾವುದು ಅಂತ ಒಂದ್ಸಲ ಹೇಳಿ ಇದನ್ನ ಮಾಡ್ಕೊಂಡ್ರೆ ಮುಂದೆ ಕಂಪ್ಯೂಟರ್ ಬದಲಾದಾಗ ಆ ಒಂದು ಸಾಲು ತಿದ್ದಿದ್ರೆ ಮುಗೀತು.

ಇದಕ್ಕೂ ಬಗ್ಗದ ಒಂದು ವಿಚಿತ್ರ ಕೇಸ್ ಇದೆ, ಅದು ನಮ್ಮಂಥ ಕನ್ನಡದೋರಿಗೇ ಬರೋದು. ಫೈಲ್ ಹೆಸರು ಕನ್ನಡದಲ್ಲಿ ಫೋಟೋ ಅಂತಿದೆ, ದಾರಿ ಸರಿ ಇದೆ, ಫೈಲ್ ಕಣ್ಣೆದುರಿಗೇ ಇದೆ, ಆದ್ರೂ ಸಿಗ್ತಿಲ್ಲ ಅನ್ನತ್ತೆ. ಅಮೆರಿಕದಲ್ಲಿರೋ ಕಸಿನ್ ಹಳೇ ಮ್ಯಾಕ್‌ನಿಂದ ಕಾಪಿ ಮಾಡಿ ಕಳಿಸಿದ್ದಾ ಅಂತ ಕೇಳಿ. ಯುನಿಕೋಡ್‌ನಲ್ಲಿ ಓತ್ವ ದೀರ್ಘ ಒಂದೇ ಸಂಕೇತವಾಗೂ ಬರೀಬಹುದು, ಎತ್ವ, ಕೊಂಬು, ದೀರ್ಘ ಅಂತ ಬಿಡಿಬಿಡಿಯಾಗೂ ಬರೀಬಹುದು, ನೋಡೋಕೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಫೈಲ್ ಹೆಸರನ್ನ ಬಿಡಿಸಿಯೇ ಇಡತ್ತೆ. ಫೈಲ್ ಹೆಸರನ್ನ ನಿಮ್ಮ ಕಂಪ್ಯೂಟರ್‌ನಲ್ಲಿ ಒಂದ್ಸಲ ಅಳಿಸಿ ಮತ್ತೆ ಅದನ್ನೇ ಟೈಪ್ ಮಾಡಿದ್ರೆ ಸರಿಹೋಗತ್ತೆ, ಹುಚ್ಚು ಅನ್ಸತ್ತೆ ಆದ್ರೆ ನಿಜ. ಲಿನಕ್ಸ್‌ನಲ್ಲಿ ಇನ್ನೊಂದು ತಕರಾರು, ಎಕ್ಸ್‌ಟ್4 ಡಿಸ್ಕ್‌ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಂದ್ರೆ 85 ಸಂಕೇತಕ್ಕೆ ಮುಗೀತು, ಒತ್ತಕ್ಷರ ಗುಣಿತ ಎಲ್ಲಾ ಎಣಿಸಿದ್ರೆ ಐದಾರು ಪದಕ್ಕೇ ಹೌಸ್‌ಫುಲ್. ಅಜ್ಜಿ ಮದುವೆಯ ಗುಂಪು ಫೋಟೋ ಎಡದಿಂದ ಎರಡನೆಯವರು ಅಂತೆಲ್ಲ ಫೈಲ್ ಹೆಸರಲ್ಲಿ ಬರೀಬೇಡಿ. ನಾನೀಗ ಫೈಲಿಗೆ ಇಂಗ್ಲಿಷ್ ಅಕ್ಷರ ಮತ್ತೆ ಅಂಕಿ ಮಾತ್ರ, ಕನ್ನಡ ವಿವರ ಎಲ್ಲಾ ಗ್ರ್ಯಾಂಪ್ಸ್ ಒಳಗಡೆ.

ಫೋಟೋ ನಿಜವಾಗ್ಲೂ ಹೋಗಿದ್ರೆ ಫ್ಯಾಮಿಲಿ ಗ್ರೂಪ್‌ನಿಂದ ವಾಪಸ್ ತಗೋತೀರಿ, ಸರಿ, ಆದ್ರೆ ವಾಟ್ಸಾಪ್ ಫೋಟೋ ಅಂತ ಕಳಿಸಿದ್ದನ್ನ ಕುಗ್ಗಿಸಿರತ್ತೆ, ಹಳೇ ಪತ್ರದ ಸಣ್ಣ ಅಕ್ಷರ ಓದಕ್ಕಾಗಲ್ಲ. ಮುಂದೆ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, 2 ಜಿಬಿ ತನಕ ಹೋಗತ್ತೆ, ಮೂಲ ಹಾಗೇ ಉಳಿಯತ್ತೆ.

ಅಕ್ಷರ ಕೆಟ್ಟಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ, ಕೆಟ್ಟಿರೋ ರೂಪ ನೋಡಿದ್ರೇ ಕಾಯಿಲೆ ಗೊತ್ತಾಗತ್ತೆ.

ಚೌಕ ಚೌಕ ಡಬ್ಬಿ ಕಾಣ್ತಿದ್ರೆ ಡೇಟಾ ಸರಿ ಇದೆ, ಆ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೇ. ಇಂಗ್ಲಿಷ್ ಅಕ್ಷರಗಳು, ಅದರ ಮಧ್ಯೆ ಮಧ್ಯೆ ತಲೆ ಮೇಲೆ ಗೆರೆ ಚುಕ್ಕಿ ಇರೋ ಅಕ್ಷರಗಳು ಗಲೀಜಾಗಿ ಕಾಣ್ತಿದ್ರೆ ಎರಡು ಸಾಧ್ಯತೆ. ಮೊದಲನೇದು, ಅದು 20 ವರ್ಷದ ಹಿಂದೆ ಚಿಕ್ಕಪ್ಪ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ್ದು, ಆಗಿನ ಆಸ್ಕಿ ಫಾಂಟ್‌ಗಳಲ್ಲಿ ಕನ್ನಡದ ಚಿತ್ರ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರತ್ತೆ, ಫಾಂಟ್ ತೆಗೆದ್ರೆ ಬಟ್ಟೆ ಕಳಚಿದಂಗೆ. ಆ ಫಾಂಟ್ ಹಾಕಿ, ಇಲ್ಲಾ ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗೆ ಕೊಡಿ, ಬಂದಮೇಲೆ ಅರ್ಕಾವತ್ತು ಮತ್ತೆ ಒತ್ತಕ್ಷರಗಳನ್ನ ಕಣ್ಣಲ್ಲಿ ನೋಡಿ ತಿದ್ದಿ. ಎರಡನೇದು, ಯುಟಿಎಫ್-8 (ಯುನಿಕೋಡ್ ಅಕ್ಷರನ ಫೈಲಲ್ಲಿ ಬರೆಯೋ ಒಂದು ಕ್ರಮ, ಅಂದ್ರೆ ಎನ್‌ಕೋಡಿಂಗ್) ಫೈಲನ್ನ ಬೇರೆ ಎನ್‌ಕೋಡಿಂಗ್ ಅಂತ ತಪ್ಪಾಗಿ ಓದಿದೆ. ಇದರ ಗುರುತು ಏನಂದ್ರೆ ಕನ್ನಡದ ಒಂದು ಸಂಕೇತಕ್ಕೆ ಮೂರ್ಮೂರು ಚಿಹ್ನೆ ಬಂದಿರತ್ತೆ, ಪ್ರತಿ ಸಲ ಶುರುವಾಗೋದು ತಲೆ ಮೇಲೆ ಓರೆ ಗೆರೆ ಇರೋ ಸಣ್ಣ ಎ ಅಕ್ಷರದಿಂದ. ಅದು ಕಂಡ್ರೆ ಖುಷಿ ಪಡಿ, ಏನೂ ಹೋಗಿಲ್ಲ, ಆದ್ರೆ ಆ ಸ್ಥಿತೀಲಿ ಸೇವ್ ಮಾಡಬೇಡಿ. ಜೆಡ್‌ಕಾಮ್ ಆದ್ರೆ ಮೇಲ್ಗಡೆ ಹೆಡರ್‌ನಲ್ಲಿ ಸಿಎಚ್‌ಎಆರ್ ಅಂತ ಒಂದು ಸಾಲಿರತ್ತೆ, ಅಲ್ಲಿ ಆನ್ಸೆಲ್ ಅಂತಲೋ ಆನ್ಸಿ ಅಂತಲೋ ಹಳೇ ಎನ್‌ಕೋಡಿಂಗ್ ಹೆಸರಿದ್ರೆ ಕಾಪಿಯಲ್ಲಿ ಅದನ್ನ ಯುಟಿಎಫ್-8 ಅಂತ ಮಾಡಿ ಮತ್ತೆ ಇಂಪೋರ್ಟ್ ಮಾಡಿ. ಜೆಡ್‌ಕಾಮ್ 5.5 ಬಂದ ಕಾಲಕ್ಕೆ ಯುಟಿಎಫ್-8 ಪಟ್ಟೀಲೇ ಇರ್ಲಿಲ್ಲ, 5.5.1ರಲ್ಲಿ ಸೇರಿದ್ದು, 2021ರ 7.0ದಲ್ಲಿ ಅದೊಂದೇ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ರೆ, ಬೇಜಾರಿನ ಸುದ್ದಿ. ಯಾರೋ ಒಂದು ಹಂತದಲ್ಲಿ ಅದನ್ನ ಆನ್ಸಿಯಲ್ಲಿ ಸೇವ್ ಮಾಡಿದಾರೆ, ವಿಂಡೋಸ್ 10ರ 1903 ಆವೃತ್ತಿ ಬರೋ ತನಕ ನೋಟ್‌ಪ್ಯಾಡ್ ತಾನಾಗಿ ಆರಿಸ್ತಿದ್ದಿದ್ದು ಅದನ್ನೇ. ಕನ್ನಡ ಹಿಡಿಸೋ ಜಾಗ ಅಲ್ಲಿಲ್ಲ, ಒಂದೊಂದು ಸಂಕೇತದ ಜಾಗದಲ್ಲೂ ನಿಜವಾದ ಪ್ರಶ್ನಾರ್ಥಕ ಚಿಹ್ನೆನೇ ಬರೆದುಹೋಗಿದೆ. ಯಾವ ಕನ್ವರ್ಟರ್‌ನಿಂದಲೂ ವಾಪಸ್ ಬರಲ್ಲ. ಅದಕ್ಕಿಂತ ಹಿಂದಿನ ಬ್ಯಾಕಪ್ ಹುಡುಕಿ, ದಿನಾಂಕ ಹಿಂದಕ್ಕೆ ಹೋಗ್ತಾ ಹೋಗ್ತಾ ಕನ್ನಡ ಕಾಣೋ ಮೊದಲನೇ ಫೈಲ್ ಸಿಗೋ ತನಕ.

ಇದಕ್ಕೇ ನಾನು ಜೆಡ್‌ಕಾಮನ್ನ ಬ್ಯಾಕಪ್ ಅಂತ ಒಪ್ಪಲ್ಲ. ಅದು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸೋ ಗಾಡಿ, ಗಾಡಿಯಲ್ಲಿ ಎಲ್ಲಾ ಸಾಮಾನು ಹಿಡಿಸಲ್ಲ. ಬ್ಯಾಕಪ್‌ಗೆ ಗ್ರ್ಯಾಂಪ್ಸ್ ಎಕ್ಸ್‌ಎಂಎಲ್ಲೇ ಸರಿ.

ಒಬ್ಬೊಬ್ಬರು ಮೂರ್ಮೂರು ಜನ

ಗ್ರ್ಯಾಂಪ್ಸ್‌ನಲ್ಲಿ ಇಂಪೋರ್ಟ್ ಅಂದ್ರೆ ರೀಸ್ಟೋರ್ ಅಲ್ಲ, ಸೇರಿಸೋದು. ಜನ ಇರೋ ಮರಕ್ಕೆ ಇಂಪೋರ್ಟ್ ಮಾಡಿದ್ರೆ ಬಂದೋರಿಗೆಲ್ಲ ಹೊಸ ಗುರುತು ಕೊಟ್ಟು ಪಕ್ಕಕ್ಕೆ ನಿಲ್ಲಿಸತ್ತೆ, ಇವರೂ ಅವರೂ ಒಬ್ರೇನಾ ಅಂತ ಅದಕ್ಕೇನು ಗೊತ್ತು. ಮತ್ತೆ ಇಂಪೋರ್ಟ್ ಆದ್ಮೇಲೆ ಅಂಡೂ ಇತಿಹಾಸ ಅಳಿಸಿಹೋಗತ್ತೆ, ಹಿಂದೆ ಹೋಗೋ ದಾರಿ ಇಲ್ಲ. ರೀಸ್ಟೋರ್ ಮಾಡೋ ಸರಿಯಾದ ಕ್ರಮ, ಹೊಸ ಖಾಲಿ ಮರ ಮಾಡಿ, ಅದಕ್ಕೆ ಬೇರೆ ಹೆಸರಿಟ್ಟು, ಅದರೊಳಗೆ ಇಂಪೋರ್ಟ್ ಮಾಡೋದು. ಹಳೇ ಕೆಟ್ಟ ಮರ ಪಕ್ಕದಲ್ಲಿ ಹಾಗೇ ಇರ್ಲಿ.

ಡಬಲ್ ಆಗೋಗಿದ್ರೆ ಮರ್ಜ್ ಮಾಡ್ತಾ ಕೂರೋದಾ ಬೇಡ್ವಾ? ಇಂಪೋರ್ಟ್ ಮಾಡಿದ ಮೂಲ ಫೈಲ್ ನಿಮ್ಮತ್ರ ಇದ್ರೆ ಬೇಡವೇ ಬೇಡ, ಹೊಸ ಖಾಲಿ ಮರಕ್ಕೆ ಇಂಪೋರ್ಟ್ ಮಾಡಿ, ಆಮೇಲೆ ಸೇರ್ಸಿದ್ದನ್ನಷ್ಟೇ ಕೈಯಲ್ಲಿ ಹಾಕಿ. ನಾನು ಮೊದಲು ಹೋಲಿಕೆ ಇರೋರನ್ನ ಹುಡುಕೋ ಟೂಲ್ ಹಾಕಿ ಚಕಚಕ ಮರ್ಜ್ ಮಾಡಕ್ಕೆ ಹೋದೆ, ಹೋಗಿ ಇನ್ನೊಂದು ಗುಂಡಿಗೆ ಬಿದ್ದೆ. ನಮ್ಮ ಮನೆಗಳಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ, ಅವನಪ್ಪನ ಹೆಸರೂ ಅಜ್ಜನ ಅಪ್ಪನ ಹೆಸರೂ ಒಂದೇ. ಜೊತೆಗೆ ಹಳೇ ಜಾತಕದಲ್ಲಿ ಹುಟ್ಟಿದ್ದು ಕ್ರೋಧಿ ಸಂವತ್ಸರ ಅಂತ ಮಾತ್ರ ಬರ್ದಿರತ್ತೆ, ಅದು 1904-05 ಕೂಡ ಆಗತ್ತೆ, 1964-65 ಕೂಡ ಆಗತ್ತೆ, 60 ವರ್ಷಕ್ಕೊಮ್ಮೆ ಸುತ್ತಿ ಬರೋದಲ್ವಾ. ಹೆಸರು ಒಂದೇ, ಅಪ್ಪನ ಹೆಸರು ಒಂದೇ, ಸಂವತ್ಸರನೂ ಒಂದೇ, ಟೂಲ್ ಇಬ್ಬರನ್ನೂ ಹೋಲಿಕೆ ಪಟ್ಟೀಲಿ ತಂದು ಮುಂದಿಟ್ತು, ನಾನೂ ನೋಡದೇ ಒತ್ತಿದೆ, ಅಜ್ಜ ಮೊಮ್ಮಗ ಒಂದೇ ಆಗಿ ಅಜ್ಜಿ ತನ್ನ ಮೊಮ್ಮಗನ್ನೇ ಮದುವೆಯಾದಂಗೆ ಆಯ್ತು. ಮರ್ಜ್ ಮಾಡ್ಲೇಬೇಕು ಅಂದ್ರೆ ದಿನಕ್ಕೆ 20 ಜೋಡಿ, ಹೆಂಡತಿ ಹೆಸರು ಮತ್ತೆ ಮಕ್ಕಳ ಹೆಸರು ನೋಡ್ಕೊಂಡು, ಪ್ರತಿದಿನ ಮುಗಿದ್ಮೇಲೆ ಒಂದು ಬ್ಯಾಕಪ್.

ಈಗ ನಾನು ಹೇಗೆ ಇಟ್ಕೊಂಡಿದೀನಿ

ಪ್ರಿಫರೆನ್ಸಸ್‌ನಲ್ಲಿ ಮುಚ್ಚುವಾಗ ತಾನೇ ಬ್ಯಾಕಪ್ ಮಾಡು ಅನ್ನೋದನ್ನ ಆನ್ ಮಾಡಿ, ಬ್ಯಾಕಪ್ ಹೋಗೋ ಫೋಲ್ಡರನ್ನ ಡಾಕ್ಯುಮೆಂಟ್ಸ್ ಒಳಗೆ ಕೊಟ್ಟಿದೀನಿ, ಫೈಲ್ ಹೆಸರಲ್ಲಿ ದಿನಾಂಕ ಸಮಯ ತಾನೇ ಬರತ್ತೆ. ಕೈಯಲ್ಲಿ ಹೆಸರಿಡುವಾಗ್ಲೂ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, 2025-03-30 ಈ ಥರ, ಆಗ ಲಿಸ್ಟ್ ತಾನಾಗೇ ಸಾಲಾಗಿ ನಿಲ್ಲತ್ತೆ. ಒಂದೇ ಹೆಸರಿನ ಮೇಲೆ ಪ್ರತಿ ಸಲ ಸೇವ್ ಮಾಡೋದು ಅಂದ್ರೆ ಒಳ್ಳೇದರ ಮೇಲೆ ಕೆಟ್ಟದ್ದನ್ನ ಬರೆಯೋಕೆ ಕಾಯ್ಕೊಂಡು ಕೂತಂಗೆ. ಆ ಫೋಲ್ಡರ್ ಕ್ಲೌಡ್‌ಗೂ ಹೋಗತ್ತೆ, ತಿಂಗಳಿಗೊಮ್ಮೆ ಫೋಟೋ ಸಮೇತ ಜಿಪಿಕೆಜಿ ಮಾಡಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ, ಮುಗಿದ ತಕ್ಷಣ ಡಿಸ್ಕ್ ಕಿತ್ತು ಬೀರುವಿಗೆ, ಸದಾ ಚುಚ್ಕೊಂಡೇ ಇದ್ರೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬಂದ್ರೆ ಎರಡೂ ಒಟ್ಟಿಗೆ ಹೋಗತ್ತೆ. ಇನ್ನೊಂದು ಪೆನ್ ಡ್ರೈವ್ ಊರಲ್ಲಿ ತಮ್ಮನ ಮನೇಲಿ, ಹಬ್ಬಕ್ಕೆ ಹೋದಾಗ ಬದಲಾಯಿಸ್ತೀನಿ. ಎರಡು ಕಾಪಿ ಒಂದೇನಾ ಅಂತ ನೋಡೋಕೆ ಸೆವೆನ್‌ಜಿಪ್‌ನ ರೈಟ್ ಕ್ಲಿಕ್ ಮೆನುವಿನಲ್ಲಿ ಶಾ-256 ಲೆಕ್ಕ ಇದೆ, ಅದು ಫೈಲಿನ ಬೆರಳಚ್ಚು ಇದ್ದಂಗೆ, ಎರಡರದ್ದೂ ಒಂದೇ ಬಂದ್ರೆ ಒಂದು ಬೈಟ್ ಕೂಡ ವ್ಯತ್ಯಾಸ ಇಲ್ಲ.

ಅಮಾವಾಸ್ಯೆ ದಿನ, ನೆನಪಿಟ್ಕೊಳ್ಳೋಕೆ ಸುಲಭ ಅಂತ, ಹಳೇ ಲ್ಯಾಪ್‌ಟಾಪ್‌ನಲ್ಲಿ ಖಾಲಿ ಮರ ಮಾಡಿ ಕೊನೇ ಬ್ಯಾಕಪ್ ಇಂಪೋರ್ಟ್ ಮಾಡ್ತೀನಿ. ಜನರ ಲೆಕ್ಕ ತಾಳೆ ಆಗತ್ತಾ, ಮುತ್ತಜ್ಜನ ಕ್ರಯಪತ್ರದ ಸ್ಕ್ಯಾನ್ ತೆರೆಯತ್ತಾ, ಕೊನೇ ನೋಟ್‌ನ ಕನ್ನಡ ಕನ್ನಡವಾಗೇ ಇದ್ಯಾ, ಈ ಮೂರು ನೋಡಿ ಆ ಮರ ಡಿಲೀಟ್ ಮಾಡ್ತೀನಿ. ಹತ್ತು ನಿಮಿಷದ ಕೆಲ್ಸ. ಕಳೆದುಹೋದ ಆ 7 ತಿಂಗಳಲ್ಲಿ ನೋಟ್‌ಬುಕ್‌ನಲ್ಲಿ ಬರ್ಕೊಂಡಿದ್ದೆಲ್ಲ ವಾಪಸ್ ಹಾಕಿದೀನಿ, ಫೋನಲ್ಲಿ ಕೇಳ್ಕೊಂಡು ನೇರ ಕಂಪ್ಯೂಟರ್‌ಗೇ ಟೈಪ್ ಮಾಡಿದ್ದ ಸೋದರತ್ತೆ ಕಡೆಯ 30 ಹೆಸರು ಮಾತ್ರ ಬಾಕಿ, ಅವರು ಮತ್ತೆ ಮೊದಲಿಂದ ಹೇಳ್ತೀನಿ ಬಾ ಅಂದಿದಾರೆ, ಈ ಸಲ ಪೆನ್ನು ಪೇಪರ್ ತಗೊಂಡು ಹೋಗ್ತೀನಿ.